ಹೊಳೆದದ್ದನ್ನು ತೋರಿಸುವ ಮೊದಲು

ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳು ಯಂತ್ರದ ಮೊದಲ ಪಾಠವನ್ನು ಮನೆಯಂಗಳದಲ್ಲಿಯೇ ಕಲಿಯುತ್ತಾರೆ. ಟ್ಯಾಂಕರ್ ಬಂದ ದಿನ ಕೊಡಗಳನ್ನು ಸಾಗಿಸಲು ಹಳೆಯ ಸೈಕಲ್ಲಿನ ಗಾಲಿಗಳಿಂದ ಮಾಡಿದ ಕೈಗಾಡಿ, ದಾಳಿಂಬೆ ತೋಟದಲ್ಲಿ ಹಕ್ಕಿ ಓಡಿಸಲು ಡಬ್ಬಿ ಕಟ್ಟಿದ ಗಾಳಿಚಕ್ರ, ಕುರಿಮರಿಗಳಿಗೆ ನೀರು ಚೆಲ್ಲದಂತೆ ಕತ್ತರಿಸಿದ ಕ್ಯಾನು, ಇಂಥವು ಪ್ರತಿ ಊರಿನಲ್ಲಿಯೂ ಉಂಟು. ಅವನ್ನು ಆವಿಷ್ಕಾರವೆಂದು ಯಾರೂ ಕರೆಯುವುದಿಲ್ಲ. ‘ಏನೋ ಜುಗಾಡ ಮಾಡಿದ್ದಾನೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ವಿಜ್ಞಾನ ಪ್ರದರ್ಶನದ ದಿನಗಳು ಸಮೀಪಿಸಿದಾಗ ಮಾತ್ರ ಅವುಗಳಲ್ಲೊಂದು ಶಾಲೆಯ ಮೇಜನ್ನೇರುತ್ತದೆ. ಪ್ರಮಾಣಪತ್ರ ಸಿಗುತ್ತದೆ, ಗುರುಗಳು ಬೆನ್ನು ತಟ್ಟುತ್ತಾರೆ, ಚಿತ್ರವು ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತದೆ. ಆ ವಸ್ತು ನಿಜವಾಗಿಯೂ ಹೊಸದಾಗಿದ್ದರೆ, ಸಂತೋಷದ ಅದೇ ದಿನದಂದು ಮಗುವು ಅದರ ಮೇಲಿನ ತನ್ನ ಹಕ್ಕನ್ನು ಕಳೆದುಕೊಂಡಿರಲೂಬಹುದು. ಈ ಮಾತು ಬಹುಮಂದಿ ಪಾಲಕರಿಗೆ ತಿಳಿದಿಲ್ಲ. ಶಿಕ್ಷಕರಿಗೂ ಯಾರೂ ತಿಳಿಸಿಲ್ಲ.

ಪೇಟೆಂಟ್ ಎಂಬುದನ್ನು ಬಹಳ ಜನ ಬಹುಮಾನವೆಂದು ಭಾವಿಸಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಅದೊಂದು ಕರಾರು. ಶೋಧಕನು ತನ್ನ ಗುಟ್ಟನ್ನು ಮುಚ್ಚಿಡದೆ, ಅದೇ ಕಸುಬಿನ ಇನ್ನೊಬ್ಬನು ಓದಿ ಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆದು ಸಮಾಜಕ್ಕೆ ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರವು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳ ಕಾಲ, ಅವನ ಅನುಮತಿಯಿಲ್ಲದೆ ಬೇರೆಯವರು ಆ ವಸ್ತುವನ್ನು ತಯಾರಿಸದಂತೆ, ಬಳಸದಂತೆ, ಮಾರದಂತೆ ತಡೆಯುವ ಹಕ್ಕನ್ನು ಕೊಡುತ್ತದೆ. 20 ವರ್ಷ ಮುಗಿದ ಮೇಲೆ ಅದು ಎಲ್ಲರ ಸ್ವತ್ತು. ಭಾರತದಲ್ಲಿ ಈ ಬಗೆಯ ಮೊದಲ ಕಾಯಿದೆ ಬಂದದ್ದು 1856ರಲ್ಲಿ. ಆ ವರ್ಷ ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಎಂಬವರು ಸಲ್ಲಿಸಿದ ಮೊದಲ ಅರ್ಜಿಯು ಪಂಖಾ ಎಳೆಯುವ ಯಂತ್ರಕ್ಕೆ ಸಂಬಂಧಿಸಿದ್ದಿತು. ಸೆಕೆಯ ದಿನಗಳಲ್ಲಿ ಸಾಹೇಬರ ತಲೆಯ ಮೇಲಿನ ಬಟ್ಟೆಯ ಬೀಸಣಿಗೆಯನ್ನು ಹಗ್ಗದಿಂದ ಎಳೆಯುತ್ತ ಕೂರುವ ಆಳಿನ ಕೆಲಸವನ್ನು ಯಂತ್ರಕ್ಕೆ ವಹಿಸುವ ಯೋಚನೆ ಅದು. ಇಂದು ನಡೆಯುತ್ತಿರುವುದು 1970ರ ಪೇಟೆಂಟ್ ಕಾಯಿದೆ. ಅದು ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು.

ಕಷ್ಟವೇ ಮೊದಲ ಗುರು

ಹೊಸದನ್ನು ಕಂಡುಹಿಡಿಯುವ ವಿದ್ಯೆಯನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಸಾಂಗಲಿ ಜಿಲ್ಲೆಯಲ್ಲಿಯೇ ಒಂದು ಉತ್ತರವುಂಟು. ಮಿರಜದಿಂದ ಪುಣೆಗೆ ಹೋಗುವ ರೈಲು ಮಾರ್ಗದಲ್ಲಿ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಆ ಊರನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನತ್ತ ತಿರುಗಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜುತ್ತಿದ್ದ ಕಾಲವದು. ಮೊದಲ ನೇಗಿಲುಗಳನ್ನು ಮಾರಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಔಂಧ ಸಂಸ್ಥಾನದ ಅರಸರ ನೆರವಿನಿಂದ ಬರಡು ನೆಲದಲ್ಲಿ ಕಾರ್ಖಾನೆಯೂ ಊರೂ ಎದ್ದವು. ಕಬ್ಬಿಣದ ನೇಗಿಲು ಯುರೋಪಿಗೆ ಹೊಸದಾಗಿರಲಿಲ್ಲ. ಇಲ್ಲಿನ ಎತ್ತು, ಇಲ್ಲಿನ ಮಣ್ಣು, ಇಲ್ಲಿನ ರೈತನ ಕೈ ಇವುಗಳಿಗೆ ಒಗ್ಗುವಂತೆ ಅದನ್ನು ಮಾಡಿಕೊಟ್ಟು, ಒಕ್ಕಲಿಗನ ಅಂಜಿಕೆಯನ್ನು ಬಿಡಿಸಿದ್ದು ಕಿರ್ಲೋಸ್ಕರರ ಸಾಧನೆ.

ಇನ್ನೊಂದು ಉದಾಹರಣೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯದು. ಅಬ್ದುಲ್ ಖಾದರ್ ನಡಕಟ್ಟಿನ ಅವರು ತರುಣರಾಗಿದ್ದಾಗ ಬೆಳಗ್ಗೆ ಬೇಗ ಏಳಲಾಗದೆ ಒಂದು ಉಪಾಯ ಹೂಡಿದರು. ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಕಟ್ಟಿದರು. ಗಂಟೆ ಬಾರಿಸುವಾಗ ಕೀಲಿ ತಿರುಗಿ, ಬಾಟಲಿ ವಾಲಿ, ಮುಖದ ಮೇಲೆ ನೀರು ಬೀಳುತ್ತಿತ್ತು. ಮುಂದೆ ಒಣಭೂಮಿಯಲ್ಲಿ ಹುಣಸೆ ಬೆಳೆದಾಗ ಹಣ್ಣಿನಿಂದ ಬೀಜ ಬೇರ್ಪಡಿಸುವ ಕೆಲಸವು ಆಳುಗಳನ್ನು ದಣಿಸುವುದನ್ನು ಕಂಡು ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಯ ಕೂರಿಗೆ, ಕಬ್ಬು ನಾಟಿಯ ಯಂತ್ರ, ಕಡಿಮೆ ಉರುವಲಿನಲ್ಲಿ ನೀರು ಕಾಯಿಸುವ ಬಾಯ್ಲರ್ ಒಂದರ ಹಿಂದೊಂದು ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆಯ ಪುರಸ್ಕಾರ, 2022ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು. ನೀರಿನ ಬಾಟಲಿಯಿಂದ ಕೂರಿಗೆಯವರೆಗಿನ ಈ ಸಾಲಿನಲ್ಲಿ ಒಂದೇ ಅಭ್ಯಾಸ ಕಾಣುತ್ತದೆ: ದಿನವೂ ಕಾಡುವ ಕಷ್ಟವನ್ನು ಕರ್ಮವೆಂದು ಬಿಡದೆ, ಅದು ಯಾವ ಘಟ್ಟದಲ್ಲಿ ಕಾಡುತ್ತದೆಂದು ನೋಡುವುದು.

ಮನೆಯಲ್ಲಿ ಈ ಅಭ್ಯಾಸ ಹಿಡಿಸುವುದು ಕಷ್ಟವಲ್ಲ. ಮಗುವಿಗೆ ಒಂದು ಇನ್ನೂರು ಪುಟದ ವಹಿ ಕೊಡಬೇಕು. ರೊಟ್ಟಿ ಬಡಿಯುವಾಗ, ಒಣದ್ರಾಕ್ಷಿಯ ಕಸ ಆರಿಸುವಾಗ, ಡ್ರಿಪ್ ನಳಿಕೆ ಕಟ್ಟಿಕೊಂಡಾಗ, ಕುರಿ ಉಣ್ಣೆ ಕತ್ತರಿಸುವಾಗ ದೊಡ್ಡವರು ಎಲ್ಲಿ ನಿಟ್ಟುಸಿರು ಬಿಡುತ್ತಾರೋ ಅಲ್ಲಿ ಅದು ಒಂದು ಸಾಲು ಬರೆಯಬೇಕು, ಜೊತೆಗೆ ದಿನಾಂಕ ಹಾಕಬೇಕು. ಹಲವು ವಾರಗಳ ಮೇಲೆ ಆ ಸಾಲುಗಳಲ್ಲಿ ಒಂದನ್ನು ಆರಿಸಿ, ಪರಿಹಾರದ ಚಿತ್ರವನ್ನು ಪೆನ್ಸಿಲ್ಲಿನಿಂದ ಬಿಡಿಸಬೇಕು. ರಟ್ಟು, ತಂತಿ, ಬಿದಿರಿನಿಂದ ಮಾಡಿ ನೋಡಬೇಕು. ಕೆಟ್ಟದ್ದನ್ನೂ ಏಕೆ ಕೆಟ್ಟಿತೆಂದು ಬರೆದಿಡಬೇಕು. ಈ ವಹಿಯು ಕನ್ನಡದಲ್ಲಿಯೇ ಇರಲಿ. ಎಷ್ಟು ಭಾರ, ಯಾವ ಕೋನ, ಏಕೆ ಜಾರಿತು ಎಂಬ ಯೋಚನೆಗಳು ಮಗುವಿಗೆ ತಾಯ್ನುಡಿಯಲ್ಲಿ ಬರುವಷ್ಟು ಸಲೀಸಾಗಿ ಬೇರೆ ಭಾಷೆಯಲ್ಲಿ ಬರುವುದಿಲ್ಲ.

ಮೂರು ಪರೀಕ್ಷೆಗಳು

ವಹಿಯಲ್ಲಿದ್ದುದೆಲ್ಲ ಪೇಟೆಂಟ್ ಆಗುವುದಿಲ್ಲ. ಕಾಯಿದೆಯು ಮೂರು ಪ್ರಶ್ನೆ ಕೇಳುತ್ತದೆ. ವಸ್ತು ಅಥವಾ ವಿಧಾನವು ಹೊಸದೇ? ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯದಂಥ ಹೆಜ್ಜೆ ಅದರಲ್ಲಿದೆಯೇ? ಕೈಗಾರಿಕೆಯಲ್ಲಿ ತಯಾರಿಸಲು ಅಥವಾ ಬಳಸಲು ಬರುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬೇಕು.

ಉದಾಹರಣೆಗೆಂದು ಹೀಗೆ ಊಹಿಸಿಕೊಳ್ಳೋಣ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೋಳದ ತೆನೆ ಮುರಿಯುವ ತಾಯಿಯ ಬೆರಳುಗಳು ಗಾಯವಾಗುವುದನ್ನು ನೋಡುತ್ತಾಳೆ. ಬೆರಳಿಗೆ ತೊಡುವ ಉಂಗುರಕ್ಕೆ ಸಣ್ಣ ಅಲಗು ಕೂಡಿಸುತ್ತಾಳೆ. ಕತ್ತರಿಸಿದ ತೆನೆ ಬೀಳಲು ಸೊಂಟಕ್ಕೊಂದು ಚೀಲ ಕಟ್ಟುತ್ತಾಳೆ. ಹುಡುಕಿ ನೋಡಿದರೆ ಬೆರಳಿಗೆ ತೊಡುವ ಅಲಗು ಈಗಾಗಲೇ ಲೋಕದಲ್ಲಿದೆ. ಚೀಲವಂತೂ ಇದ್ದೇ ಇದೆ. ಎರಡನ್ನೂ ಜೊತೆಗಿಟ್ಟ ಮಾತ್ರಕ್ಕೆ ಆವಿಷ್ಕಾರವಾಗದು. ತಿಳಿದ ಸಾಧನಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಬೇರೆಬೇರೆಯಾಗಿ ಮಾಡುತ್ತಿದ್ದರೆ ಅದಕ್ಕೆ ಪೇಟೆಂಟ್ ಇಲ್ಲವೆಂದು ಕಾಯಿದೆಯ 3ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹುಡುಗಿ ಮತ್ತೊಮ್ಮೆ ವಹಿಯನ್ನು ತೆರೆಯುತ್ತಾಳೆ. ಚೀಲ ತುಂಬಿ ಭಾರವಾದಾಗ ದಾರವೊಂದು ಸೆಳೆದು ಅಲಗಿನ ಮೇಲೆ ಮುಚ್ಚಳ ಬೀಳುವಂತೆ ಮಾಡುತ್ತಾಳೆ. ಚೀಲ ಬರಿದುಮಾಡುವ ಹೊತ್ತಿನಲ್ಲಿ ಕೈಗೆ ಗಾಯವಾಗದು. ಈಗ ಅಲಗು ಮತ್ತು ಚೀಲ ಒಂದಕ್ಕೊಂದು ಸಂಬಂಧಿಸಿ ಹೊಸ ಕೆಲಸ ಮಾಡುತ್ತಿವೆ. ಇಂಥದು ಹಿಂದೆ ಎಲ್ಲಿಯೂ ಬಂದಿಲ್ಲವೆಂದು ಹುಡುಕಾಟದಲ್ಲಿ ಕಂಡುಬಂದರೆ ಅರ್ಜಿ ಹಾಕುವ ಯೋಚನೆಗೆ ಬೆಲೆಯುಂಟು.

ಈ ಹುಡುಕಾಟಕ್ಕೆ ದುಡ್ಡು ಬೇಕಿಲ್ಲ. ಭಾರತದ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪ್ರಕಟವಾದ ಅರ್ಜಿಗಳನ್ನೂ ಪೇಟೆಂಟುಗಳನ್ನೂ ಯಾರು ಬೇಕಾದರೂ ಹುಡುಕಬಹುದು. ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಎಸ್ಪಾಸ್‌ನೆಟ್ ತಾಣಗಳಲ್ಲಿ ಹೊರದೇಶಗಳವೂ ಸಿಗುತ್ತವೆ. ಹುಡುಕುವವರು ಎದೆಗುಂದಬಾರದು. ತನ್ನದೆಂದುಕೊಂಡದ್ದು ಐವತ್ತು ವರ್ಷಗಳ ಹಿಂದೆ ಮತ್ತೊಬ್ಬನಿಗೆ ಹೊಳೆದಿತ್ತೆಂದು ಕಾಣುವುದೇ ಒಂದು ಪಾಠ. ಅವಧಿ ಮುಗಿದ ಪೇಟೆಂಟುಗಳಲ್ಲಿನ ವಿದ್ಯೆಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಸಣ್ಣ ಉದ್ಯೋಗ ಹೂಡುವ ಕುಟುಂಬಕ್ಕೆ ಅದೇ ದೊಡ್ಡ ಗ್ರಂಥಾಲಯ.

ಪೇಟೆಂಟಿಗೆ ಸಿಗದ ಸಂಪತ್ತು

ಜತ್ತ ತಾಲೂಕಿನ ಮಾಡಗ್ಯಾಳದ ಕುರಿಯನ್ನು ಅರಿಯದವರಿಲ್ಲ. ಬಾಗಿದ ಮೂಗು, ಎತ್ತರದ ಮೈಕಟ್ಟು, ಬಿಳಿಯ ಮೈಮೇಲೆ ಕಂದು ಮಚ್ಚೆಗಳ ಆ ತಳಿಯನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದವರು ಕುರಿಗಾರರು. ಅಷ್ಟು ದೊಡ್ಡ ಶೋಧಕ್ಕೆ ಪೇಟೆಂಟ್ ಸಿಗುವುದಿಲ್ಲ. ಸಸ್ಯ, ಪ್ರಾಣಿ, ಬೀಜ, ತಳಿ ಇವುಗಳಿಗೆ, ಬೇಸಾಯದ ವಿಧಾನಗಳಿಗೆ, ಪರಂಪರೆಯಿಂದ ಬಂದ ತಿಳಿವಳಿಕೆಗೆ ಕಾಯಿದೆಯು ಪೇಟೆಂಟನ್ನು ನಿರಾಕರಿಸುತ್ತದೆ. ಹಿಂದಿನಿಂದ ಎಲ್ಲರೂ ಬಲ್ಲ ವಿದ್ಯೆಯನ್ನು ಒಬ್ಬನೇ ಬೇಲಿ ಹಾಕಿಕೊಳ್ಳಬಾರದೆಂಬುದು ಅದರ ನ್ಯಾಯ.

ಈ ನ್ಯಾಯದ ಬೆಲೆಯು ಅರಿಶಿನದ ಪೇಟೆಯೆಂದು ಹೆಸರಾದ ಸಾಂಗಲಿಯವರಿಗೆ ಬೇಗ ತಿಳಿಯಬೇಕು. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರ ಮಾರ್ಚಿನಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ಶೋಧಕರೆಂದು ಬರೆಸಿಕೊಂಡವರು ಭಾರತ ಮೂಲದ ಇಬ್ಬರು. ಪ್ರತಿಯೊಬ್ಬ ಅಜ್ಜಿಯೂ ಬಲ್ಲ ಮದ್ದು ಅದು. ಆದರೆ ಅಜ್ಜಿಗೆ ಗೊತ್ತಿತ್ತು ಎಂಬ ಮಾತು ಅಮೆರಿಕದ ಪೇಟೆಂಟ್ ಕಚೇರಿಗೆ ಸಾಕಾಗಲಿಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1996ರಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿ, ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನೂ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬರೆದಿಟ್ಟದ್ದು ಉಳಿಸಿತು. ಬಳಿಕ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಕಟ್ಟಿದ್ದು ಇಂಥ ಅನುಭವದಿಂದಲೇ. ಸಾಂಗಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ, ಅದಕ್ಕೂ ಮೊದಲೇ ಇಲ್ಲಿನ ಒಣದ್ರಾಕ್ಷಿಗೂ ದೊರೆತಿದೆ. ಅದು ಪೇಟೆಂಟಲ್ಲ; ಈ ಸೀಮೆಯ ಬೆಳೆಗಾರರೆಲ್ಲರ ಹೆಸರನ್ನು ಕಾಯುವ ಬೇರೊಂದು ಕಾನೂನು.

ಕನ್ನಡದಲ್ಲಿಯೂ ಇಂಥ ಬರವಣಿಗೆಯ ಒಂದು ಪ್ರಯತ್ನ ನಡೆದಿದೆ. ರೈತರ, ಕುಶಲಕರ್ಮಿಗಳ ಶೋಧಗಳನ್ನು ಕಲೆಹಾಕುವ ‘ಹನಿ ಬೀ’ ಬಳಗವು ಪ್ರೊಫೆಸರ್ ಅನಿಲ್ ಗುಪ್ತ ಅವರ ನೇತೃತ್ವದಲ್ಲಿ ಬೆಳೆದಾಗ, ಜನರಿಂದ ಪಡೆದ ಅರಿವನ್ನು ಅವರ ಭಾಷೆಯಲ್ಲಿಯೇ ಹಿಂದಿರುಗಿಸಬೇಕೆಂಬ ನಿಯಮವಿಟ್ಟುಕೊಂಡಿತು. ಅದರ ಕನ್ನಡ ರೂಪ ‘ಹಿತ್ತಲ ಗಿಡ’ ಎಂಬ ಹೆಸರಿನಿಂದ ಪ್ರೊಫೆಸರ್ ಟಿ. ಎನ್. ಪ್ರಕಾಶ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಎದುರು ನಿಂತ ಹೆಸರು ಅದು.

ಬೀಜದ ವಿಷಯದಲ್ಲಿ ಮಹಾರಾಷ್ಟ್ರದ ಒಂದು ಪ್ರಸಂಗವನ್ನು ಪ್ರತಿ ಶಾಲೆಯಲ್ಲಿಯೂ ಹೇಳಬೇಕು. ಚಂದ್ರಪುರ ಜಿಲ್ಲೆಯ ನಾಂದೇಡ ಎಂಬ ಹಳ್ಳಿಯ ಬಡ ರೈತ ದಾದಾಜಿ ಖೋಬ್ರಾಗಡೆ ಅವರು 1983ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಬಗೆಯ ಕೆಲವು ತೆನೆಗಳನ್ನು ಕಂಡು, ಅವನ್ನು ಪ್ರತ್ಯೇಕವಾಗಿ ಬಿತ್ತಿ, ವರ್ಷವರ್ಷವೂ ಆರಿಸಿ, ತೆಳ್ಳನೆಯ ಕಾಳಿನ ಹೊಸ ತಳಿಯನ್ನು ಪಡೆದರು. ಆ ಕಾಲದಲ್ಲಿ ಜನಪ್ರಿಯವಾಗಿದ್ದ ಗಡಿಯಾರದ ಹೆಸರನ್ನೇ ಹೊತ್ತು ಅದು ‘ಎಚ್‌ಎಂಟಿ’ ಎಂದು ಪೇಟೆಯಲ್ಲಿ ಮಾರಾಟವಾಯಿತು. ಅಕೋಲೆಯ ಕೃಷಿ ವಿಶ್ವವಿದ್ಯಾಲಯವು ಅವರಿಂದ ಪಡೆದ ಬೀಜವನ್ನು ಶುದ್ಧೀಕರಿಸಿ 1998ರಲ್ಲಿ ‘ಪಿಕೆವಿ ಎಚ್‌ಎಂಟಿ’ ಎಂಬ ಹೆಸರಿನಿಂದ ಬಿಡುಗಡೆ ಮಾಡಿತು. ತನ್ನ ಶ್ರಮಕ್ಕೆ ತಕ್ಕ ಮನ್ನಣೆ ಸಿಗಲಿಲ್ಲವೆಂಬ ಕೊರಗು ದಾದಾಜಿಯವರಿಗೆ ಬಹುಕಾಲ ಉಳಿಯಿತು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಅವರನ್ನು ಗೌರವಿಸಿತು. 2018ರ ಜೂನಿನಲ್ಲಿ ಅವರು ತೀರಿಕೊಂಡರು.

ಅವರ ತಳಿಯು ಹೊರಬಂದ ಕಾಲದಲ್ಲಿ ರೈತನ ತಳಿಯನ್ನು ನೋಂದಾಯಿಸುವ ಕಾನೂನೇ ಇರಲಿಲ್ಲ. ಈಗ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತನು ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು; ಅದಕ್ಕೆ ರೈತರಿಗೆ ಶುಲ್ಕದ ವಿನಾಯಿತಿಯುಂಟು. ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ ಸಿಗುತ್ತದೆ. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಉಳಿದವುಗಳಿಗಿಂತ ಭಿನ್ನವಾದ ಒಂದು ಕೊಂಬೆಯನ್ನು ಕಂಡು ಅದನ್ನೇ ಕಟ್ಟಿ ಬೆಳೆಸುವ ರೈತನು ಈ ಬಾಗಿಲನ್ನು ತಟ್ಟಬೇಕು, ಪೇಟೆಂಟ್ ಕಚೇರಿಯದನ್ನಲ್ಲ.

ಮೇಜಿನ ಮೇಲಿಡುವ ಮೊದಲು

ಈಗ ಪ್ರದರ್ಶನದ ಮಾತಿಗೆ ಬರೋಣ. ಅರ್ಜಿ ಸಲ್ಲಿಸುವ ದಿನಕ್ಕೆ ಮುಂಚೆ ಆವಿಷ್ಕಾರವು ಸಾರ್ವಜನಿಕವಾಗಿದ್ದರೆ ಅದು ಹೊಸದಲ್ಲ. ಬಹಿರಂಗ ಮಾಡಿದವನು ಶೋಧಕನೇ ಆಗಿದ್ದರೂ ಸಾಮಾನ್ಯವಾಗಿ ಇದೇ ನಿಯಮ. ಯೂಟ್ಯೂಬಿನಲ್ಲಿ ಹಾಕಿದ ವೀಡಿಯೊ, ಪತ್ರಿಕೆಯಲ್ಲಿ ಬಂದ ವಿವರವಾದ ವರದಿ, ಸಂತೆಯಲ್ಲಿ ಮಾರಿದ ನಾಲ್ಕು ನಮೂನೆಗಳು ಎಲ್ಲವೂ ಮುಂದೆ ಅಡ್ಡಬರುತ್ತವೆ. ಕಾಯಿದೆಯ 31ನೆಯ ಕಲಮಿನಲ್ಲಿ ಪ್ರದರ್ಶನಗಳಿಗೆ ಒಂದು ವಿನಾಯಿತಿ ಇದೆ. ಪ್ರದರ್ಶಿಸಿದ 12 ತಿಂಗಳೊಳಗೆ ಅರ್ಜಿ ಹಾಕಬಹುದು. ಆದರೆ ಅದು ಕೇಂದ್ರ ಸರ್ಕಾರವು ರಾಜ್ಯಪತ್ರದಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಸಂಬಂಧಿಸಿದ್ದು. ಶಾಲೆಯ ಅಥವಾ ತಾಲೂಕಿನ ವಿಜ್ಞಾನ ಮೇಳವನ್ನು ನೆಚ್ಚಿ ಆ ವಿನಾಯಿತಿ ಸಿಕ್ಕೀತೆಂದು ಕೂರುವುದು ಜಾಣತನವಲ್ಲ.

ಮಗುವನ್ನು ಪ್ರದರ್ಶನಕ್ಕೆ ಕಳುಹಿಸಬಾರದೆಂದು ಇದರ ಅರ್ಥವಲ್ಲ. ಕಾಯಿದೆಯೇ ಒಂದು ಸುಲಭ ದಾರಿ ಕೊಟ್ಟಿದೆ. ಅದಕ್ಕೆ ತಾತ್ಕಾಲಿಕ ವಿವರಣೆಯ ಅರ್ಜಿ ಎಂದು ಹೆಸರು. ಆವಿಷ್ಕಾರವು ಇನ್ನೂ ಪೂರ್ತಿ ಪಕ್ವವಾಗದಿದ್ದರೂ, ಅದರ ಸ್ವರೂಪವನ್ನು ವಿವರಿಸಿ ಚಿತ್ರಗಳೊಡನೆ ಸಲ್ಲಿಸಿದರೆ ಆ ದಿನಾಂಕವು ಶೋಧಕನ ಹೆಸರಿನಲ್ಲಿ ನಿಲ್ಲುತ್ತದೆ. ಬಳಿಕ ವಸ್ತುವನ್ನು ಪ್ರದರ್ಶನಕ್ಕಿಡಬಹುದು; ಬರೆದು ಕೊಟ್ಟಷ್ಟು ಭಾಗಕ್ಕೆ ಭಯವಿಲ್ಲ. 12 ತಿಂಗಳೊಳಗೆ ಸಂಪೂರ್ಣ ವಿವರಣೆ ಸಲ್ಲಿಸಲೇಬೇಕು, ಇಲ್ಲವಾದರೆ ಅರ್ಜಿ ಬಿದ್ದುಹೋಗುತ್ತದೆ.

ಸಂಪೂರ್ಣ ವಿವರಣೆಯ ಜೀವವೆಲ್ಲ ಅದರ ಕೊನೆಯ ‘ಕ್ಲೇಮ್’ಗಳಲ್ಲಿದೆ. ಹೊಲದ ಖರೀದಿ ಪತ್ರದಲ್ಲಿ ಚತುಸ್ಸೀಮೆ ಬರೆದಂತೆ ಅದು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ನಿಖರವಾಗಿ ಬರೆಯದಿದ್ದರೆ ಮುಂದೆ ಬಾಂದಿನ ಜಗಳ ತಪ್ಪದು. ಇಲ್ಲಿಯೂ ಹಾಗೆಯೇ. ಅಗಲವಾಗಿ ಬರೆದರೆ ಹಿಂದಿನವರ ಶೋಧದೊಳಗೆ ಕಾಲಿಟ್ಟಂತಾಗಿ ಅರ್ಜಿ ಕೆಡುತ್ತದೆ. ತೀರ ಕಿರಿದಾಗಿ ಬರೆದರೆ ನೆರೆಯವನು ಒಂದು ಮೊಳೆ ಬದಲಿಸಿ ಪಾರಾಗುತ್ತಾನೆ. ಅರ್ಜಿಯನ್ನು ಶೋಧಕನು ತಾನೇ ಸಲ್ಲಿಸಬಹುದಾದರೂ ಕ್ಲೇಮ್ ಬರೆಯಲು ನೋಂದಾಯಿತ ಪೇಟೆಂಟ್ ಏಜೆಂಟರ ನೆರವು ಪಡೆಯುವುದು ಒಳ್ಳೆಯದು.

ಕಚೇರಿಯ ವಿಷಯ. ಭಾರತದಲ್ಲಿ ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ ಎಂಬ ನಾಲ್ಕು ಪೇಟೆಂಟ್ ಕಚೇರಿಗಳಿವೆ. ಜತ್ತದವರ ಅರ್ಜಿ ಮುಂಬೈಗೆ. ಗಡಿಯಾಚೆ ವಿಜಯಪುರದಲ್ಲಿರುವ ಸೋದರಮಾವನದಾದರೆ ಚೆನ್ನೈಗೆ. ಜಾಲತಾಣದ ಮೂಲಕವೂ ಸಲ್ಲಿಸಬಹುದು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು ಕೊಡಬೇಕಾದ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ. ದೊಡ್ಡ ಕಂಪನಿಗಳಿಗೆ ಇದರ ಐದು ಪಟ್ಟು. ಶಿಕ್ಷಣ ಸಂಸ್ಥೆಗಳಿಗೂ 2021ರಿಂದ ವ್ಯಕ್ತಿಗಳ ದರವೇ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ. 2024ರ ತಿದ್ದುಪಡಿಯ ನಂತರ ಸಲ್ಲಿಸಿದ ಅರ್ಜಿಗಳಲ್ಲಿ ಪರೀಕ್ಷೆಯ ಕೋರಿಕೆಯನ್ನು 31 ತಿಂಗಳೊಳಗೆ ಕೊಡಬೇಕು. ಕೋರದಿದ್ದರೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ. ಪರೀಕ್ಷಕರ ಆಕ್ಷೇಪಗಳು ಬಂದರೆ ಆರು ತಿಂಗಳೊಳಗೆ ಉತ್ತರಿಸಬೇಕು.

ಪೇಟೆಂಟ್ ಕೈಗೆ ಬಂದ ಮೇಲೂ ಖರ್ಚು ನಿಲ್ಲದು. ಮೂರನೆಯ ವರ್ಷದಿಂದ ನವೀಕರಣ ಶುಲ್ಕ ಕಟ್ಟಬೇಕು. ವ್ಯಕ್ತಿಗಳಿಗೆ 6ನೆಯ ವರ್ಷದವರೆಗೆ ವರ್ಷಕ್ಕೆ 800, 10ನೆಯ ವರ್ಷದವರೆಗೆ 2,400, 15ನೆಯ ವರ್ಷದವರೆಗೆ 4,800, ಕೊನೆಯ ಐದು ವರ್ಷ 8,000 ರೂಪಾಯಿ. ಇಪ್ಪತ್ತೂ ವರ್ಷ ಉಳಿಸಿಕೊಂಡರೆ ಒಟ್ಟು 76,800 ರೂಪಾಯಿ. ವಸ್ತುವಿನಿಂದ ಗಳಿಕೆ ಇಲ್ಲದಿದ್ದರೆ ಬಿಟ್ಟುಬಿಡಲು ಅಡ್ಡಿಯಿಲ್ಲ. ಹಾಗೆ ಬಿಟ್ಟವರೇ ಬಹಳ. ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ನಡೆಯುತ್ತದೆ. ಲೋಕಕ್ಕೆಲ್ಲ ಒಂದೇ ‘ವಿಶ್ವ ಪೇಟೆಂಟ್’ ಎಂಬುದು ಇಲ್ಲ. ಅದನ್ನು ಕೊಡಿಸುತ್ತೇವೆಂದು ಹಣ ಕೇಳುವವರಿಂದ ದೂರವಿರಬೇಕು. ಅರ್ಜಿ ಸಂಖ್ಯೆಯ ರಸೀದಿಯೂ ಪೇಟೆಂಟಲ್ಲ. ಸಿಗದ ಪೇಟೆಂಟನ್ನು ಸಿಕ್ಕಿದೆಯೆಂದು ಮಾರುವ ವಸ್ತುವಿನ ಮೇಲೆ ಬರೆದರೆ 10 ಲಕ್ಷ ರೂಪಾಯಿಯವರೆಗೆ ದಂಡ ತೆರಬೇಕಾದೀತು.

ಭಾಷೆ ಮತ್ತು ಹೆಸರು

ಕನ್ನಡ ಶಾಲೆಯ ಮನೆಗಳಿಗೆ ಒಂದು ವಿಶೇಷ ತೊಡಕುಂಟು. ಪೇಟೆಂಟ್ ನಿಯಮಗಳ ಪ್ರಕಾರ ಕಾಗದಪತ್ರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ತಹಶೀಲ್ದಾರರ ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಪೇಟೆಂಟಿಗೆ ಇಂಗ್ಲಿಷ್ ಎಂದು ಮೂರು ಹೊಸ್ತಿಲು ದಾಟಬೇಕಾದ ಮಗುವು ಮೊದಲ ಹೊಸ್ತಿಲಿನಲ್ಲಿಯೇ ಕೂತುಬಿಡುವ ಅಪಾಯವಿದೆ. ಈ ತೊಡಕಿಗೆ ಹೆದರಿ ತಾಯ್ನುಡಿಯ ಶಾಲೆಯನ್ನು ಬಿಡಿಸುವುದು ಪರಿಹಾರವಲ್ಲ. ಶೋಧ ಹುಟ್ಟುವುದು ಕಷ್ಟ ಕಂಡ ಕಣ್ಣಿನಲ್ಲಿ. ಭಾಷಾಂತರವನ್ನು ಕೂಲಿ ಕೊಟ್ಟೂ ಮಾಡಿಸಬಹುದು, ಕಣ್ಣನ್ನು ಕೊಳ್ಳಲಾಗದು. ಇನ್ನೊಂದು ಸಂಗತಿಯೂ ಧೈರ್ಯ ಕೊಡುತ್ತದೆ. ಪೇಟೆಂಟಿನ ಚಿತ್ರಗಳಲ್ಲಿ ವಿವರಣೆಯ ಮಾತುಗಳನ್ನು ಬರೆಯುವಂತಿಲ್ಲ. ಭಾಗಗಳಿಗೆ ಅಂಕಿ ಕೊಟ್ಟು ತೋರಿಸಬೇಕು. ಅಳತೆ ತಪ್ಪದ ಚಿತ್ರ ಬಿಡಿಸಲು ಕಲಿತ ಮಗುವು ಅರ್ಜಿಯ ಒಂದು ಭಾಗವನ್ನು ಯಾರ ಹಂಗೂ ಇಲ್ಲದೆ ತಾನೇ ಸಿದ್ಧಪಡಿಸೀತು. ಕನ್ನಡ ವಹಿಯ ಪಕ್ಕದಲ್ಲಿ ಪ್ರತಿ ಭಾಗದ ಇಂಗ್ಲಿಷ್ ಹೆಸರನ್ನು ಬರೆದಿಡುವ ರೂಢಿಯನ್ನು ವಿಜ್ಞಾನ ಶಿಕ್ಷಕರು ಈಗಿನಿಂದಲೇ ಹಾಕಬೇಕು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಶೋಧಕನಿಗೆ ಇಂತಿಷ್ಟು ವಯಸ್ಸಾಗಿರಬೇಕೆಂದು ಕಾಯಿದೆ ಹೇಳುವುದಿಲ್ಲ. ಅಪ್ರಾಪ್ತ ವಯಸ್ಸಿನವರ ಪರವಾಗಿ ಪಾಲಕರು ವ್ಯವಹಾರ ನಡೆಸಬಹುದು. ಶೋಧಕ ಎಂಬ ಸ್ಥಾನದಲ್ಲಿ ಮಗುವಿನ ಹೆಸರೇ ಬರಬೇಕು. ಮಾದರಿಯನ್ನು ಬೆಸುಗೆ ಹಾಕಿಕೊಟ್ಟ ಕಂಬಾರನಾಗಲಿ, ಅರ್ಜಿ ತುಂಬಿಸಿದ ಗುರುಗಳಾಗಲಿ, ಹಣ ಕೊಟ್ಟ ಸಂಸ್ಥೆಯಾಗಲಿ ಅಷ್ಟರಿಂದಲೇ ಶೋಧಕರಾಗುವುದಿಲ್ಲ. ಹೊಸ ಯೋಚನೆಯಲ್ಲಿ ನಿಜವಾದ ಪಾಲಿದ್ದರೆ ಮಾತ್ರ ಅವರ ಹೆಸರು ಸೇರಬೇಕು. ಇದನ್ನು ಆರಂಭದಲ್ಲಿಯೇ ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರೆ ಮುಂದೆ ಗುರುಶಿಷ್ಯರ ಮನಸ್ಸು ಕೆಡದು. ದಾದಾಜಿಯವರ ಪ್ರಸಂಗ ಕಲಿಸುವುದೂ ಇದನ್ನೇ.

ನೆರವಿನ ದಾರಿಗಳೂ ಇವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಇನ್‌ಸ್ಪೈರ್ ಮಾನಕ್’ ಯೋಜನೆಯಲ್ಲಿ ಆರನೆಯ ತರಗತಿಯಿಂದ ಮೇಲಿನ ಮಕ್ಕಳ ಯೋಚನೆಗಳನ್ನು ಶಾಲೆಯು ಕಳುಹಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಅದನ್ನು ನಡೆಸಿಕೊಡುವುದು 2000ರಲ್ಲಿ ಸ್ಥಾಪಿತವಾದ, ಗುಜರಾತಿನಲ್ಲಿ ನೆಲೆಯಿರುವ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ. ಆರಿಸಿದ ಜನಸಾಮಾನ್ಯರ, ಮಕ್ಕಳ ಶೋಧಗಳಿಗೆ ಪೇಟೆಂಟ್ ಅರ್ಜಿ ಹಾಕಲೂ ಆ ಸಂಸ್ಥೆ ನೆರವಾಗುತ್ತದೆ. ಶಾಲೆಯು ಹೆಸರು ಕಳುಹಿಸದಿದ್ದರೆ ಮಗುವಿಗೆ ಈ ಬಾಗಿಲು ತೆರೆಯದು. ಆದ್ದರಿಂದ ಪಾಲಕರು ಮುಖ್ಯಾಧ್ಯಾಪಕರನ್ನು ಕಂಡು, ಈ ವರ್ಷ ಶಾಲೆ ನೋಂದಾಯಿಸಿದೆಯೇ ಎಂದು ವಿನಯದಿಂದ ಕೇಳಬೇಕು.

ಪೇಟೆಂಟ್ ಪಡೆದ ಮಕ್ಕಳೆಲ್ಲ ಸಿರಿವಂತರಾಗುವುದಿಲ್ಲ. ಅರ್ಜಿ ಹಾಕಿದವರೆಲ್ಲರಿಗೂ ಪೇಟೆಂಟ್ ಸಿಗುವುದೂ ಇಲ್ಲ. ಆದರೂ ತೆನೆ ಮುರಿಯುವ ತಾಯಿಯ ಬೆರಳನ್ನು ನೋಡಿ ವಹಿಯಲ್ಲಿ ಒಂದು ಸಾಲು ಬರೆದ ಹುಡುಗಿ, ಆ ಸಾಲು ತನ್ನದೆಂದು ಹೇಳಿಕೊಳ್ಳುವ ದಾರಿಯನ್ನೂ ಅರಿತಿರಬೇಕು. ಮುಂದಿನ ಪ್ರದರ್ಶನಕ್ಕೆ ಮಾದರಿ ಸಿದ್ಧವಾಗುತ್ತಿರುವ ಮನೆಗಳಲ್ಲಿ ಈ ವಾರ ಮಾಡಬೇಕಾದ ಕೆಲಸ ಮೂರು: ವಹಿಗೆ ದಿನಾಂಕ ಹಾಕುವುದು, ಜಾಲತಾಣದಲ್ಲಿ ಹುಡುಕುವುದು, ಹೊಸದೆಂದು ತೋರಿದರೆ ತಾತ್ಕಾಲಿಕ ಅರ್ಜಿ ಸಲ್ಲಿಸುವವರೆಗೆ ಫೋಟೋವನ್ನು ಯಾರಿಗೂ ಕಳುಹಿಸದಿರುವುದು.